ಕಳೆಯೂ ಹೋಗಬೇಕು, ಗೋಧಿಯೂ ಉಳಿಯಬೇಕು

(ಮತ್ತಾಯ 13:24-30)



ಗೋಧಿ ಮತ್ತು ಕಳೆಯ ಸಾಮತಿ ನಿಮಗೆಲ್ಲ ಗೊತ್ತಿರುವುದೇ. ಗೋಧಿಯ ಹೊಲದಲ್ಲಿ ವೈರಿ ಬಂದು ಕಳೆ ಬಿತ್ತಿ ಹೋಗುತ್ತಾನೆ. ಪೈರಿನ ಜೊತೆ ಕಳೆಯೂ ತಲೆಯೆತ್ತಿದಾಗ ಆಳುಗಳು ಓಡಿಬಂದು, ಈಗಲೇ ಕಿತ್ತುಹಾಕೋಣವೇ ಎಂದು ಕೇಳುತ್ತಾರೆ. ಯಜಮಾನ ಬೇಡವೆನ್ನುತ್ತಾನೆ. ಅವನಿಗೆ ಕಳೆಯ ಮೇಲೆ ಮಮತೆಯಿಲ್ಲ. ಅದರ ಬೇರಿಗೆ ಹೆಣೆದುಕೊಂಡಿರುವ ಗೋಧಿಯ ಬೇರಿನ ಚಿಂತೆ. ಆಳುಗಳ ಕಣ್ಣಿಗೆ ಬಿದ್ದದ್ದು ಕಳೆ, ಯಜಮಾನನ ಕಣ್ಣಿಗೆ ಬಿದ್ದದ್ದು ಗೋಧಿ.

ಈ ಸಾಮತಿಯಲ್ಲಿ ಯೇಸುಸ್ವಾಮಿ ತಿಳಿಸುವುದು ಅಂತ್ಯತೀರ್ಪಿನ ತನಕ ಕಾಯುವ ದೇವರ ತಾಳ್ಮೆಯನ್ನು. ಆದರೆ ಆ ಯಜಮಾನನ ವಿವೇಕ ನಮ್ಮ ದಿನನಿತ್ಯದ ಬಾಳಿಗೂ ದೀಪ. ಇಂದು ಆ ದೀಪ ಹಿಡಿದು ನಮ್ಮ ಶಾಲೆ, ಧರ್ಮೋಪದೇಶದ ಕೊಠಡಿ, ದೇವಾಲಯದ ಆವರಣಗಳನ್ನು ಒಮ್ಮೆ ನೋಡೋಣ. ಅಲ್ಲಿಯ ಜಿರಲೆ, ಇಲಿ, ಸೊಳ್ಳೆ, ಗೆದ್ದಲುಗಳಿಗೆಂದು ನಾವು ಬಳಸುವ ವಿಷದ ಬಗ್ಗೆ ವಿಚಾರ ಮಾಡೋಣ. ಇದೂ ಪ್ರಬೋಧನೆಯ ವಿಷಯವೇ ಎಂದು ಕೆಲವರು ಕೇಳಬಹುದು. ಮಕ್ಕಳ ಪ್ರಾಣದ ಮಾತು ಬಂದಲ್ಲೆಲ್ಲ ಶುಭಸಂದೇಶಕ್ಕೆ ಕೆಲಸವಿದೆ.

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ಉಂಡ ಮಕ್ಕಳಲ್ಲಿ 23 ಮಂದಿ ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಇತ್ತೆಂದು ಪರೀಕ್ಷೆಯಿಂದ ತಿಳಿಯಿತು. ಪೈರು ಉಳಿಸಲೆಂದು ಇರುವ ವಸ್ತು ಮನೆಮನೆಯ ಎಳೆಯ ಪೈರನ್ನೇ ಕೊಯ್ದುಹಾಕಿತು.

ದೂರದ ಬಿಹಾರವೇಕೆ? ಕನ್ನಡದ ನೆಲವಾದ ಕಾಸರಗೋಡಿನ ಎಣ್ಮಕಜೆಯನ್ನು ನೆನೆಯಿರಿ. ಅಲ್ಲಿಯ ಗೋಡಂಬಿ ತೋಟಗಳ ಮೇಲೆ ಸುಮಾರು ಎರಡು ದಶಕ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತಲೂ ಅದೇ ವಿಷ ಬಿತ್ತು. ಗುರಿ ಇದ್ದದ್ದು ಗೋಡಂಬಿಯ ಚಿಗುರು ಹೀರುವ ಚಹಾ ಸೊಳ್ಳೆಯ ಮೇಲೆ. ಆದರೆ ಗಾಳಿಗೆ ತೋಟದ ಬೇಲಿ ಗೊತ್ತಿಲ್ಲ. ವಿಷ ಮನೆಯಂಗಳಕ್ಕೂ ಕುಡಿಯುವ ನೀರಿನ ಸುರಂಗಕ್ಕೂ ಶಾಲೆಯ ದಾರಿಗೂ ಇಳಿಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರ ಬಳಕೆಯನ್ನು ದೇಶದಾದ್ಯಂತ ತಡೆಯಿತು. ಆ ಹೊತ್ತಿಗೆ ಎಷ್ಟೋ ತಾಯಂದಿರು, ಬೆಳೆದರೂ ಎದ್ದು ನಡೆಯಲಾರದ ಮಕ್ಕಳನ್ನು ಎತ್ತಿ ಉಣಿಸುತ್ತಿದ್ದರು.

ಅವೆಲ್ಲ ಹೊಲ ತೋಟದ ವಿಷ, ನಮ್ಮ ಶಾಲೆಯಲ್ಲಿ ಅಂಥದ್ದಿಲ್ಲ ಎನ್ನಬೇಡಿ. ಇರುವೆ, ಜಿರಲೆಗೆಂದು ಗೋಡೆಯ ಅಂಚಿಗೆ ಗೆರೆ ಎಳೆಯುವ ಕಡ್ಡಿ ಕರಿಹಲಗೆಯ ಸೀಮೆಸುಣ್ಣದ ಹಾಗೆಯೇ ಕಾಣುತ್ತದೆ. ನುಸಿಗುಳಿಗೆ ಪೆಪ್ಪರಮೆಂಟಿನ ಹಾಗೆ ಕಾಣುತ್ತದೆ. ದೊಡ್ಡವರಿಗೆ ತಿಳಿಯುವ ಭೇದ ಎಳೆಯ ಮಗುವಿಗೆ ತಿಳಿಯದು. ಮಕ್ಕಳ ಮೈ ಚಿಕ್ಕದು. ಮೈತೂಕಕ್ಕೆ ಹೋಲಿಸಿದರೆ ಅವರು ನಮಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ, ಹೆಚ್ಚು ನೀರು ಕುಡಿಯುತ್ತಾರೆ. ನೆಲದ ಮೇಲೆ ಕೂರುತ್ತಾರೆ, ಬೆರಳನ್ನು ಬಾಯಿಗಿಡುತ್ತಾರೆ. ಅವರ ಮಿದುಳು, ನರಗಳು ಇನ್ನೂ ಬೆಳೆಯುತ್ತಿವೆ. ಈ ಕಿರಿಯರಲ್ಲಿ ಒಬ್ಬನಿಗಾದರೂ ಕೇಡಿಗೆ ಕಾರಣನಾದವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಮಾತನ್ನು ಯೇಸುಸ್ವಾಮಿ ಆಡಿದರು. ಅದು ಆತ್ಮದ ಕೇಡಿನ ಮಾತು. ಆದರೆ ಮಗುವಿನ ಆತ್ಮವನ್ನು ಅಷ್ಟು ಪ್ರೀತಿಸಿದವರು ಅದರ ಮೈಯನ್ನು ಮರೆತಾರೆಯೇ?

ಹಾಗಾದರೆ ವಿಷ ಮುಟ್ಟುವುದೇ ಪಾಪವೇ? ಅಲ್ಲ. ಸಂತ ತೋಮಸ್ ಅಕ್ವಿನಾಸರ ಬೋಧನೆಯಿಂದ ಬೆಳೆದು ಧರ್ಮಸಭೆಯ ನೀತಿಶಾಸ್ತ್ರಕ್ಕೆ ಬಂದ ಒಂದು ವಿಚಾರವಿದೆ: ಒಂದೇ ಕ್ರಿಯೆಗೆ ಎರಡು ಫಲ ಇರಬಹುದು, ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು. ನಮ್ಮ ಉದ್ದೇಶ ಒಳ್ಳೆಯದು ಎಂದ ಮಾತ್ರಕ್ಕೆ ಕೆಟ್ಟ ಫಲದ ಹೊಣೆ ತಪ್ಪುವುದಿಲ್ಲ. ಆ ಕೇಡನ್ನು ಹೊರುವಷ್ಟು ಗಂಭೀರ ಕಾರಣ ಇದೆಯೇ, ಕೇಡಿಲ್ಲದ ಬೇರೆ ದಾರಿ ಇಲ್ಲವೇ ಎಂದು ಮೊದಲು ಕೇಳಿಕೊಳ್ಳಬೇಕು. ಸಾಮತಿಯ ಆಳುಗಳು ಕೇಳದೆ ಬಿಟ್ಟದ್ದು ಇದನ್ನೇ.

ಕೈಕಟ್ಟಿ ಕೂರುವುದೂ ತಪ್ಪೇ. ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದಕ್ಕೂ ನಾವು ಪ್ರತಿ ಬಲಿಪೂಜೆಯ ಆರಂಭದಲ್ಲಿ ಕ್ಷಮೆ ಬೇಡುತ್ತೇವಲ್ಲವೇ? ಡೆಂಗ್ಯೂ ಮಕ್ಕಳನ್ನು ಕೊಲ್ಲುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಕೀಟವನ್ನು ತಡೆಯಲೇಬೇಕು. ಎಲ್ಲಿಂದ ಆರಂಭಿಸಬೇಕು ಎಂಬುದೇ ಪ್ರಶ್ನೆ.

ಪೆರು ದೇಶದ ಲೀಮಾ ನಗರದಲ್ಲಿ ದೊಮಿನಿಕನ್ ಸಹೋದರರಾಗಿದ್ದ ಸಂತ ಮಾರ್ಟಿನ್ ದೆ ಪೋರೆಸ್ (1579-1639) ಅವರ ಬಗ್ಗೆ ಒಂದು ಐತಿಹ್ಯವಿದೆ. ಮಠದ ಬಟ್ಟೆಗಳನ್ನು ಇಲಿಗಳು ಕಡಿದು ಹಾಳುಮಾಡುತ್ತಿದ್ದವು. ಉಳಿದ ಸಹೋದರರು ಕೊಲ್ಲಬೇಕೆಂದರು. ಮಾರ್ಟಿನರು ಒಂದು ಇಲಿಯನ್ನು ಹಿಡಿದು, ನಿಮ್ಮ ಬಳಗವನ್ನೆಲ್ಲ ಕರೆದುಕೊಂಡು ತೋಟಕ್ಕೆ ಹೋಗಿ, ಊಟ ನಾನು ಅಲ್ಲಿಗೇ ತರುತ್ತೇನೆ ಎಂದರಂತೆ. ಇಲಿಗಳು ಸಾಲುಗಟ್ಟಿ ಹೊರಟವಂತೆ. ಇಂದಿಗೂ ಅವರ ಚಿತ್ರಗಳಲ್ಲಿ ಕಾಲ ಬಳಿ ಇಲಿ ಇರುತ್ತದೆ. ಈ ಪುಣ್ಯಕಥೆಯೊಳಗೆ ಒಂದು ತಿಳಿವಳಿಕೆ ಇದೆ: ಇಲಿ ಬರುವುದು ಅನ್ನಕ್ಕಾಗಿ, ನೆಲೆಗಾಗಿ. ಅನ್ನ ಎಲ್ಲಿಗೆ ಹೋಗುತ್ತದೋ ಇಲಿಯೂ ಅಲ್ಲಿಗೇ. ಇಂದಿನ ತಜ್ಞರು ಹೇಳುವುದೂ ಇದನ್ನೇ. ಕೊಲ್ಲುವುದಕ್ಕೆ ಮುಂಚೆ, ಕೊಟ್ಟ ಆಮಂತ್ರಣವನ್ನು ಹಿಂದಕ್ಕೆ ಪಡೆಯಿರಿ.

ಆಮಂತ್ರಣ ಯಾವುದು? ತರಗತಿಯಲ್ಲಿ ಚೆಲ್ಲಿದ ಟಿಫಿನ್ ಡಬ್ಬಿಯ ಅನ್ನ, ಮುಚ್ಚಳವಿಲ್ಲದ ಕಸದ ಬುಟ್ಟಿ, ರಾತ್ರಿಯೆಲ್ಲ ತೊಟ್ಟಿಕ್ಕುವ ನಲ್ಲಿ, ಮೂಲೆಯಲ್ಲಿ ಪೇರಿಸಿದ ಹಳೆಯ ಕಾಗದ. ಸಂಜೆಯೇ ಗುಡಿಸಿ, ನಲ್ಲಿ ಸರಿಪಡಿಸಿ, ಅಕ್ಕಿ ಬೇಳೆಯನ್ನು ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿಟ್ಟರೆ ಜಿರಲೆ, ಇಲಿಗಳಿಗೆ ಅರ್ಧ ದಾರಿ ಮುಚ್ಚಿತು. ಪೆನ್ಸಿಲ್ ತೂರುವಷ್ಟು ಕಿಂಡಿ ಸಣ್ಣ ಇಲಿಗೆ ಸಾಕು; ಬಾಗಿಲಡಿಯ ಸಂದನ್ನೂ ಕೊಳವೆಯ ಸುತ್ತಲಿನ ತೂತನ್ನೂ ಮುಚ್ಚಿ. ಸೋರುವ ಗೋಡೆಗೆ ಒತ್ತಿ ಮರದ ಬೀರು ಇಡಬೇಡಿ, ಗೆದ್ದಲಿಗೆ ತೇವವೇ ಹಬ್ಬ.

ಡೆಂಗ್ಯೂ ಸೊಳ್ಳೆ ಹಗಲಲ್ಲೇ, ಅಂದರೆ ಶಾಲೆಯ ಹೊತ್ತಿನಲ್ಲೇ ಕಚ್ಚುತ್ತದೆ. ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಸುಮಾರು ಒಂದು ವಾರ, ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ, ಡ್ರಮ್, ಹೂಕುಂಡದ ತಟ್ಟೆಗಳನ್ನು ಬರಿದುಮಾಡಿ ಉಜ್ಜಿದರೆ ಸಂತತಿ ಅಲ್ಲೇ ನಿಂತಿತು. ಉಜ್ಜುವುದು ಮುಖ್ಯ, ಏಕೆಂದರೆ ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಸಮಾಧಿಗಳ ಮೇಲೆ ನಾವಿಡುವ ಹೂದಾನಿಗಳನ್ನೂ ಮರೆಯಬೇಡಿ. ಬರಿದುಮಾಡಲಾಗದ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. ಹೊಗೆ ಹೊಡೆಯುವುದು ನೋಡಲು ದೊಡ್ಡ ಕೆಲಸ. ಸಾಯುವುದು ಹಾರುವ ಸೊಳ್ಳೆ ಮಾತ್ರ, ನೀರಿನ ಮರಿ ಉಳಿಯುತ್ತದೆ.

ದೇವರು ಕೊಟ್ಟ ಸಹಾಯಕರನ್ನೂ ಓಡಿಸಬೇಡಿ. ಗಂಟೆಗೋಪುರದ ಗೂಬೆಯನ್ನು ಅಪಶಕುನವೆನ್ನುವವರು ನಮ್ಮ ವಿಶ್ವಾಸಿಗಳಲ್ಲೂ ಇದ್ದಾರೆ. ಅದು ರಾತ್ರಿಯ ಕಾವಲುಗಾರ, ಸಂಬಳವಿಲ್ಲದೆ ಇಲಿ ಹಿಡಿಯುತ್ತದೆ. ವಿಷದಿಂದ ಮಾಯವಾಗುವ ಹಕ್ಕಿ, ಕೀಟಗಳಲ್ಲಿ ಅನೇಕವು ಬೇಸಾಯಕ್ಕೇ ಉಪಕಾರಿಗಳೆಂದು ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ನೆನಪಿಸಿದ್ದಾರೆ.

ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಔಷಧ ಬಳಸಿ, ಆದರೆ ಭಯಭಕ್ತಿಯಿಂದ. ಇಲಿಗೆ ಪಾಷಾಣಕ್ಕಿಂತ ಬೋನು ಮೇಲು. ಜಿರಲೆಗೆ ಕೊಠಡಿಯೆಲ್ಲ ಸಿಂಪಡಿಸುವುದಕ್ಕಿಂತ ಮಕ್ಕಳ ಕೈಗೆಟುಕದ ಸಂದಿಯಲ್ಲಿಡುವ ಮದ್ದು ಮೇಲು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೆಂದರೆ ವಿಷವೇ ಇಲ್ಲವೆಂದಲ್ಲ. ಸಿಂಪಡಿಸಲೇಬೇಕಾದರೆ ರಜೆಯಲ್ಲಿ, ಬಲ್ಲವರ ಕೈಯಿಂದ ಆಗಲಿ. ಶನಿವಾರ ಸಂಜೆ ಹೊಡೆದು ಭಾನುವಾರ ಬೆಳಿಗ್ಗೆ ಅದೇ ಕೊಠಡಿಯಲ್ಲಿ ಧರ್ಮೋಪದೇಶ ಬೇಡ. ಉಳಿದದ್ದನ್ನು ಬೇರೆ ಬಾಟಲಿಗೆ ಸುರಿಯದೆ ಅದರ ಡಬ್ಬಿಯಲ್ಲೇ ಇಟ್ಟು ಬೀಗ ಹಾಕಿ. ಕೈಗವಸಿಲ್ಲದೆ ಸಿಂಪಡಿಸುವ ಬಡ ಕೆಲಸಗಾರನೂ, ಮರುದಿನ ನೆಲ ಒರೆಸುವ ಆಯಾಳೂ ಯಜಮಾನನ ಗೋಧಿಯೇ ಎಂಬುದು ನೆನಪಿರಲಿ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2000ದಲ್ಲೇ ಕಾಯಿದೆ ಮಾಡಿ, ಶಾಲೆಯಲ್ಲಿ ಯಾವ ಕೀಟನಾಶಕ ಬಳಸುತ್ತಾರೆಂದು ತಂದೆತಾಯಿಗಳಿಗೆ ಮೊದಲೇ ತಿಳಿಸಬೇಕೆಂದು ವಿಧಿಸಿತು. ಕಾಯಿದೆ ಬರಲಿ ಎಂದು ನಾವು ಕಾಯಬೇಕೇ? ಪ್ರಿಯ ತಂದೆತಾಯಿಗಳೇ, ಮುಂದಿನ ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಇದನ್ನೂ ಕೇಳಿ: ಇಲ್ಲಿ ಏನು ಸಿಂಪಡಿಸುತ್ತೀರಿ, ಯಾವಾಗ, ಯಾರು? ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿರುವವರೇ, ನಿಮ್ಮನ್ನು ಯಾರೂ ಕೇಳುವ ಮೊದಲೇ ಉತ್ತರ ಸಿದ್ಧವಿರಲಿ. ಮುಖ್ಯೋಪಾಧ್ಯಾಯರೇ, ಕನ್ಯಾಭಗಿನಿಯರೇ, ಒಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಲು ಖರ್ಚಿಲ್ಲ.

ದೇವರು ಮನುಷ್ಯನನ್ನು ತೋಟದಲ್ಲಿರಿಸಿದ್ದು ಅದನ್ನು ಕೃಷಿಮಾಡುವುದಕ್ಕೂ ಕಾಯುವುದಕ್ಕೂ ಎಂದು ಆದಿಕಾಂಡ ಹೇಳುತ್ತದೆ. ಕಾಯುವವನು ಮೊದಲು ನೋಡುತ್ತಾನೆ, ಆಮೇಲೆ ಕೈ ಎತ್ತುತ್ತಾನೆ.

ಓ ಪ್ರಭುವೇ, ಹೊಲದ ಯಜಮಾನರೇ, ಕಳೆಯನ್ನು ಕಂಡಾಗ ನಮ್ಮ ಕೈ ತಡೆದು ಗೋಧಿಯ ಕಡೆಗೆ ನಮ್ಮ ಕಣ್ಣು ತಿರುಗಿಸಿರಿ. ನೀವು ನಮಗೆ ಒಪ್ಪಿಸಿದ ಮಕ್ಕಳು ನಮ್ಮ ಅವಸರಕ್ಕೆ ಬಲಿಯಾಗದಿರಲಿ. ಆಮೆನ್.