*'ನಮ್ಮವರು' ಎಂಬ ಪದದ ಹೊಸ ಅರ್ಥ*


*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂದು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. 'ಇದು ಡೆಪ್ರಿಕೇಟ್ ಆಗಿದೆ' ಎಂದು ಅವರು ಹೇಳುವುದನ್ನು ಕೇಳಿರುತ್ತೀರಿ. ಅಂದರೆ, ಹಳೆಯ ಕ್ರಮ ಇನ್ನು ಬೇಡ ಎಂದು ತೀರ್ಮಾನವಾಗಿದೆ. ಆದರೆ ಇಂದೇ ಕಿತ್ತು ಹಾಕಿಲ್ಲ. ಮೊದಲು ಎಚ್ಚರಿಕೆ ಕೊಡುತ್ತಾರೆ. ಬದಲಿಗೆ ಏನು ಬಳಸಬೇಕೆಂದು ತೋರಿಸುತ್ತಾರೆ. ಸಮಯ ಕೊಡುತ್ತಾರೆ. ಕೊನೆಗೆ ತೆಗೆದುಹಾಕುತ್ತಾರೆ.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಮೂರನೇ ಆವೃತ್ತಿ ಬಂದದ್ದು 2008ರ ಡಿಸೆಂಬರ್‌ನಲ್ಲಿ. ಎರಡನೆಯದಕ್ಕೆ 2015ರ ಗಡುವು ಇತ್ತು. ಜನ ಬದಲಾಗಲಿಲ್ಲ, ಗಡುವು ಮುಂದೆ ಹೋಯಿತು. 2020ರ ಜನವರಿ 1ಕ್ಕೆ ಅದನ್ನು ನಿಜವಾಗಿ ಕೈಬಿಟ್ಟರು.

ಬಾಬಾಸಾಹೇಬರೂ ಹೀಗೆಯೇ ನಡೆದರು. ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಘೋಷಿಸಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದ ದೀಕ್ಷೆ 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಬಿಡಿ ಎಂದಷ್ಟೇ ಹೇಳಿ ನಮ್ಮನ್ನು ಬೀದಿಯಲ್ಲಿ ನಿಲ್ಲಿಸಲಿಲ್ಲ. 22 ಪ್ರತಿಜ್ಞೆಗಳಲ್ಲಿ ಏನು ಬಿಡಬೇಕೆಂಬುದರ ಜೊತೆಗೆ ಏನು ಹಿಡಿಯಬೇಕೆಂಬುದನ್ನೂ ಕೊಟ್ಟರು.

ಈಗ ಮುಖ್ಯ ಮಾತು. ಪೈಥಾನ್‌ನಲ್ಲಿ 'ಪ್ರಿಂಟ್' ಆದೇಶವನ್ನು ಹಳೆಯ ರೀತಿ, ಆವರಣ ಚಿಹ್ನೆ ಇಲ್ಲದೆ ಬರೆದರೆ ಹೊಸ ಆವೃತ್ತಿ ಕೂಡಲೇ ತಪ್ಪು ಎನ್ನುತ್ತದೆ, ಮುಂದೆ ಹೋಗುವುದಿಲ್ಲ. ಇದು ಸದ್ದು ಮಾಡುವ ತಪ್ಪು; ತಿದ್ದುವುದು ಸುಲಭ. ಭಾಗಾಕಾರದ ಚಿಹ್ನೆಯ ಕಥೆ ಬೇರೆ. 7ನ್ನು 2ರಿಂದ ಭಾಗಿಸಿದರೆ ಹಳೆಯದು 3 ಎನ್ನುತ್ತಿತ್ತು, ಹೊಸದು 3.5 ಎನ್ನುತ್ತದೆ. ಚಿಹ್ನೆ ಅದೇ, ಅರ್ಥ ಬದಲಾಗಿದೆ. ಹಳೆಯ ಅರ್ಥದಲ್ಲೇ ಬರೆದವರ ಪ್ರೋಗ್ರಾಂ ನಿಲ್ಲುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ.

ನಮ್ಮ ಮನೆಗಳನ್ನು ನೋಡೋಣ. ಗೋಡೆಯ ಮೇಲಿನ ಹಳೆಯ ಪಟಗಳನ್ನು ಇಳಿಸಿದೆವು. ಪುರೋಹಿತರನ್ನು ಬಿಟ್ಟು ಭಂತೇಜಿಯವರನ್ನು ಕರೆದೆವು. ಇವೆಲ್ಲ ಕಣ್ಣಿಗೆ ಕಾಣುವಂಥವು. ಆದರೆ ಮಗಳಿಗೆ ಸಂಬಂಧ ಬಂದಾಗ ಮೆಲ್ಲಗೆ ಕೇಳುತ್ತೇವೆ: "ಅವರು ನಮ್ಮವರೇ ತಾನೆ?" ಬಲಗೈಯೋ ಎಡಗೈಯೋ ಎಂಬುದೇ ಆ ಪ್ರಶ್ನೆಯ ಒಳಗಿನ ಮಾತು. ಮದುವೆ ಬುದ್ಧರ ಮೂರ್ತಿಯ ಮುಂದೆಯೇ ನಡೆಯುತ್ತದೆ, ತ್ರಿಸರಣ ಪಂಚಶೀಲವೂ ಆಗುತ್ತದೆ. ಎಲ್ಲೂ ಸದ್ದಿಲ್ಲ. ಲೆಕ್ಕ ಮಾತ್ರ ಜಾತಿಯದ್ದೇ.

ದೀಕ್ಷೆಯ ದಿನವೇ 'ನಮ್ಮವರು' ಎಂಬ ಪದದ ಅರ್ಥ ಬದಲಾಯಿತು. ಮಹಾನದಿಗಳು ಸಾಗರ ಸೇರಿದ ಮೇಲೆ ತಮ್ಮ ಹಳೆಯ ಹೆಸರು ಬಿಡುವಂತೆ, ಸಂಘ ಸೇರಿದವರೂ ಹಳೆಯ ಕುಲದ ಹೆಸರು ಬಿಡುತ್ತಾರೆ ಎಂದು ಭಗವಾನ್ ಬುದ್ಧರು ತಿಳಿಸಿದರು. ಎಲ್ಲ ಮನುಷ್ಯರೂ ಸಮಾನರು ಎಂಬುದು ನಮ್ಮ ಒಂಬತ್ತನೆಯ ಪ್ರತಿಜ್ಞೆ. ಅದು ಹೊರಗಿನವರು ನಮ್ಮನ್ನು ಸಮಾನವಾಗಿ ಕಾಣಲಿ ಎಂದಷ್ಟೇ ಅಲ್ಲ. ನಾವು ಪಕ್ಕದ ಕೇರಿಯವರನ್ನು ಹಾಗೆ ಕಾಣಬೇಕು ಎಂದೂ ಹೌದು.

ಸಾಫ್ಟ್‌ವೇರ್‌ನಲ್ಲಿ ಎಷ್ಟೋ ಎಚ್ಚರಿಕೆಗಳು ತಾವಾಗಿ ತೆರೆಯ ಮೇಲೆ ಬರುವುದಿಲ್ಲ; ಬೇಕೆಂದವರು ತೆರೆದು ನೋಡಬೇಕು. ಮನಸ್ಸಿನಲ್ಲಿ ಆ ಕೆಲಸ ಮಾಡುವುದು ಸಮ್ಯಕ್ ಸ್ಮೃತಿ.

*ಇಂದಿನ ಅಭ್ಯಾಸ:* ಇಂದು 'ನಮ್ಮವರು' ಎಂಬ ಪದ ಬಾಯಿಗೆ ಬಂದಾಗಲೆಲ್ಲ ಒಂದು ಕ್ಷಣ ನಿಲ್ಲಿ. ಯಾವ ಅರ್ಥದಲ್ಲಿ ಹೇಳಿದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರೆ, ಈ ಮಾತನ್ನು ಅವರೆದುರೇ ಆಡಿ. ಗಡುವನ್ನು ಇನ್ನೊಂದು ತಲೆಮಾರಿಗೆ ಮುಂದೂಡುವುದು ಬೇಡ.

ಸಾಧು, ಸಾಧು, ಸಾಧು ☸️
ಜೈ ಭೀಮ್ 💙