ಬಾಗಿಲು ತಟ್ಟದವರ ಪಾಲು

ಕನ್ನಡದಲ್ಲಿ ಜಕಾತಿ ಎಂದರೆ ಸುಂಕ. ಫಕೀರ ಎಂದರೆ ಜೋಳಿಗೆ ಹಿಡಿದು ಬಾಗಿಲಿಗೆ ಬಂದು ನಿಲ್ಲುವವ. ಎರಡೂ ಅರಬಿಯಿಂದ ಬಂದ ಮಾತುಗಳು. ಬರುವ ದಾರಿಯಲ್ಲಿ ಎರಡರ ಅರ್ಥವೂ ಸವೆದಿದೆ. ಆ ಸವೆತ ನಮ್ಮ ನಡವಳಿಕೆಯಲ್ಲೂ ಕಾಣುವುದರಿಂದ ಮೂಲ ವಚನಕ್ಕೆ ಹೋಗಿ ನೋಡಬೇಕೆನಿಸುತ್ತದೆ.

ಜಕಾತಿಯ ಮೂಲ ಪದ ಝಕಾತ್, ಅಂದರೆ ಉಳ್ಳ ಮುಸ್ಲಿಮರು ಕೊಡಲೇಬೇಕಾದ ದಾನ. ಅದು ಯಾರಿಗೆ ಸಲ್ಲಬೇಕೆಂದು ಹೇಳುವುದು ಕುರ್‌ಆನಿನ ಒಂಬತ್ತನೆಯ ಅಧ್ಯಾಯವಾದ 'ತೌಬಾ'ದ 60ನೇ ವಚನ. ಹಣ, ಬೆಳ್ಳಿ, ಬಂಗಾರದಲ್ಲಿ ನಲವತ್ತಕ್ಕೊಂದು ಪಾಲು ಎಂಬ ಲೆಕ್ಕ ಪ್ರವಾದಿಯವರ ಬೋಧನೆಯಿಂದ ಬಂದದ್ದು; ಅದು ಕುರ್‌ಆನಿನಲ್ಲಿಲ್ಲ. ಪಡೆಯುವವರ ಪಟ್ಟಿ ಮಾತ್ರ ವಚನದಲ್ಲೇ ಇದೆ. ಅದರ ಮೊದಲ ಪದ 'ಇನ್ನಮಾ': ಇವರಿಗಷ್ಟೇ, ಬೇರೆಯವರಿಗಿಲ್ಲ ಎಂಬ ಗೆರೆ. ಹಂಚಿಕೆಯಲ್ಲಿ ತಮಗೆ ಸಿಕ್ಕರೆ ಸಂತೋಷಪಟ್ಟು, ಸಿಗದಿದ್ದರೆ ಪ್ರವಾದಿಯವರ ಮೇಲೇ ಕೊಂಕು ನುಡಿದವರ ಪ್ರಸ್ತಾಪ ಎರಡು ವಚನ ಹಿಂದೆ ಬಂದಿದೆ. ಅದರ ಬೆನ್ನಿಗೇ ಈ ಗೆರೆ.

ಎಂಟು ಬಗೆಯವರು: ಫಕೀರರು, ಮಿಸ್ಕೀನರು, ಝಕಾತ್ ವಸೂಲಿಯ ಕೆಲಸದವರು, ಮನಸ್ಸು ಒಲಿಸಬೇಕಾದವರು, ಬಿಡುಗಡೆಗೆ ಕಾದ ಗುಲಾಮರು, ಸಾಲದಲ್ಲಿ ಮುಳುಗಿದವರು, ದೇವರ ಹಾದಿಯಲ್ಲಿರುವವರು, ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕರು. ನಾಲ್ಕನೆಯ ಪಾಲನ್ನು ಖಲೀಫ ಉಮರ್ ಅಗತ್ಯವಿಲ್ಲವೆಂದು ನಿಲ್ಲಿಸಿದರು. ಗುಲಾಮಗಿರಿ ಇಂದು ಕಾನೂನಿನಲ್ಲಿ ಉಳಿದಿಲ್ಲ. ನಮ್ಮ ಕಣ್ಣೆದುರು ಉಳಿದಿರುವುದು ಮುಖ್ಯವಾಗಿ ಬಡವರು ಮತ್ತು ಸಾಲದವರು.

ಬಡತನಕ್ಕೆ ವಚನ ಒಂದಲ್ಲ, ಎರಡು ಹೆಸರು ಕೊಡುತ್ತದೆ. 'ಫಕೀರ್' ಪದವನ್ನು ನಿಘಂಟುಕಾರರು ಬೆನ್ನುಮೂಳೆಗೆ ಜೋಡಿಸುತ್ತಾರೆ: ಬೆನ್ನು ಮುರಿದವನು. 'ಮಿಸ್ಕೀನ್' ಪದದ ಬೇರಿನಲ್ಲಿ ನಿಶ್ಚಲತೆ ಇದೆ: ಇದ್ದಲ್ಲೇ ಸ್ತಬ್ಧನಾದವನು. ಒಂದು ತುತ್ತು, ಒಂದು ಖರ್ಜೂರಕ್ಕಾಗಿ ಮನೆಮನೆ ಸುತ್ತುವವನು ಮಿಸ್ಕೀನನಲ್ಲ. ಸಾಕಾಗುವಷ್ಟಿಲ್ಲದೆಯೂ ಯಾರ ಕಣ್ಣಿಗೂ ಬೀಳದೆ, ಯಾರಲ್ಲೂ ಕೇಳದೆ ಇರುವವನೇ ಮಿಸ್ಕೀನ ಎಂಬರ್ಥದ ಪ್ರವಾದಿ ಬೋಧನೆ ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ರಂಜಾನಿನ ಕೊನೆಯ ವಾರ ಗೇಟಿನ ಮುಂದೆ ಸಾಲು ನಿಲ್ಲಿಸಿ ನೋಟು ಹಂಚುವುದನ್ನು ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗಿ ಸಂಕಟವಾಗುತ್ತದೆ. ಸಾಲಿನಲ್ಲಿ ನಿಂತವರಿಗೂ ಹಕ್ಕಿರಬಹುದು. ಆದರೆ ಸಾಲಿಗೆ ಬರಲಾರದವರನ್ನು ಹುಡುಕಿಕೊಂಡು ಹೋದವರು ಯಾರು?

ಹುಡುಕಲು ಹೊರಟರೆ ಇನ್ನೊಂದು ತಪ್ಪು ತಿಳಿವಳಿಕೆ ಅಡ್ಡ ಬರುತ್ತದೆ: "ಅವನಿಗೆ ಸ್ವಂತ ಮನೆ ಇದೆಯಲ್ಲ!" ವಾಸದ ಮನೆ, ಉಡುವ ಬಟ್ಟೆ, ದುಡಿಮೆಯ ಉಪಕರಣ ಇದ್ದಮಾತ್ರಕ್ಕೆ ಒಬ್ಬ ಅನರ್ಹನಾಗುವುದಿಲ್ಲ. ನಮ್ಮ ಕರಾವಳಿಯ ಬ್ಯಾರಿಗಳು, ನವಾಯತರು ಅನುಸರಿಸುವ ಶಾಫಿ ಪಂಥವಾಗಲಿ, ಒಳನಾಡಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಹನಫಿ ಪಂಥವಾಗಲಿ, ಈ ಮಾತಿನಲ್ಲಿ ಭಿನ್ನವಿಲ್ಲ. ಹೊಲಿಗೆ ಯಂತ್ರವಿದ್ದೂ ಮಕ್ಕಳ ಹೊಟ್ಟೆ ತುಂಬಿಸಲಾಗದ ಹೆಂಗಸು ಅರ್ಹಳೇ. ಅವಳು ನಿಮ್ಮ ಒಡಹುಟ್ಟಿದ ತಂಗಿಯಾದರೂ ಕೊಡಬಹುದು. ದಾನವೂ ಆಯಿತು, ನಂಟೂ ಉಳಿಯಿತು. ತಂದೆತಾಯಿಗೆ, ಮಕ್ಕಳಿಗೆ ಮಾತ್ರ ಝಕಾತ್ ಸಲ್ಲದು. ಅವರನ್ನು ಸಾಕುವುದು ಮೊದಲೇ ನಮ್ಮ ಹೊಣೆ.

ವಚನದ ವ್ಯಾಕರಣವನ್ನೂ ನೋಡಬೇಕು. ಮೊದಲ ನಾಲ್ವರ ಮುಂದೆ 'ಲಿ' ಇದೆ, ನಮ್ಮ ಚತುರ್ಥಿಯ 'ಗೆ' ಇದ್ದಂತೆ. ಐದನೆಯವರಿಂದ ಅದು 'ಫೀ'ಗೆ, ಅಂದರೆ ಸಪ್ತಮಿಯ 'ಅಲ್ಲಿ'ಗೆ ತಿರುಗುತ್ತದೆ. ಬಡವರ ಪಾಲು ಅವರ ಕೈಗೇ, ಅವರದೇ ಸ್ವತ್ತಾಗಿ ಸೇರಬೇಕು; ಉಳಿದವರಲ್ಲಿ ಆ ಹಣ ಅವರ ಸಂಕಷ್ಟ ಬಿಡಿಸಲು ವೆಚ್ಚವಾಗಬೇಕು ಎಂದು ವ್ಯಾಖ್ಯಾನಕಾರರು ಇದನ್ನು ವಿವರಿಸಿದ್ದಾರೆ. ಬಡವನ ಕೈಗೆ ಹೋದ ಮೇಲೆ ಅದು ಅವನ ಹಣ. ಹೇಗೆ ಖರ್ಚು ಮಾಡಿದೆ ಎಂದು ಕೇಳುವ ಹಕ್ಕು ಕೊಟ್ಟವನಿಗಿಲ್ಲ.

ಈ ವರ್ಷ ಲೆಕ್ಕ ಹಾಕುವಾಗ ಬೀದಿಯಲ್ಲಿ ಬಾಗಿಲು ಮುಚ್ಚಿಕೊಂಡಿರುವ ಒಂದು ಮನೆಯನ್ನು ನೆನಪಿಸಿಕೊಳ್ಳಿ. ಅರ್ಹರೆಂದು ತಿಳಿದ ಮೇಲೆ, ಝಕಾತ್ ಎಂದು ಹೇಳಿ ಕೊಡಬೇಕೆಂಬ ನಿಯಮವೇನೂ ಇಲ್ಲ. ಮನಸ್ಸಿನಲ್ಲಿ ಸಂಕಲ್ಪವಿದ್ದರೆ, ಮಕ್ಕಳಿಗೆ ಈದಿ (ಹಬ್ಬದ ಕಾಣಿಕೆ) ಎಂದು ಆ ಮನೆಯ ತಾಯಿಯ ಕೈಗಿತ್ತರೂ ಅದು ಸಲ್ಲುತ್ತದೆ.