ಬೆವರಿನ ಲೆಕ್ಕ

ಕಳೆದ ವರ್ಷ ಕಾಲೇಜಿನ ವಾರ್ಷಿಕೋತ್ಸವದಲ್ಲಿ ದೇಹದಾರ್ಢ್ಯ ಸ್ಪರ್ಧೆಯ ಬಹುಮಾನ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ ಮೇಷ್ಟರಿಗೂ ಕಟ್ಟುಮಸ್ತಾದ ಮೈಗೂ ಏನು ಸಂಬಂಧವೆಂದು ನೀವು ನಗಬಹುದು. ನನಗೂ ನಗು ಬಂದಿತ್ತು. ಗೆದ್ದ ಹುಡುಗ ನನ್ನ ತರಗತಿಯವನೇ. ಕೆಲವೇ ತಿಂಗಳ ಹಿಂದೆ ಕಡ್ಡಿಯಂತಿದ್ದವನು ಕಂಬದಂತಾಗಿದ್ದ. ‘ಇದೂ ಒಂದು ತಪಸ್ಸು’ ಎಂದು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು.

ಮೂರು ವಾರದ ಮೇಲೆ ಅವನನ್ನು ಆಸ್ಪತ್ರೆಯಲ್ಲಿ ಕಂಡೆ. ತೊಡೆಗಳು ಊದಿಕೊಂಡಿದ್ದವು, ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿತ್ತಂತೆ. ಅನಾಬಾಲಿಕ್ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಮಿತಿಮೀರಿ ಭಾರ ಎತ್ತುತ್ತಿದ್ದ. ಸ್ನಾಯುವಿನ ಎಳೆಗಳು ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಪೆಟ್ಟಾಗಿದೆಯೆಂದು ವೈದ್ಯರು ವಿವರಿಸಿದರು. ಈ ಮದ್ದು ಸ್ನಾಯುವನ್ನು ಬೇಗ ಬೆಳೆಸುತ್ತದೆ. ಅದನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ಅದೇ ವೇಗದಲ್ಲಿ ಗಟ್ಟಿಯಾಗದೆ ಹರಿದುಹೋಗುವುದೂ ಉಂಟಂತೆ. ಎತ್ತು ಬಲಿತರೆ ಸಾಲದು, ನೊಗದ ಮಿಣಿಯೂ ಗಟ್ಟಿಯಿರಬೇಕು.

ಹುಡುಗ ಕೇಳಿದ: “ಸಾರ್, ಬೆವರು ಸುರಿಸಿದವನು ನಾನೇ ಅಲ್ಲವೇ? ಅದೂ ಸುಳ್ಳೇ?”

ಥಟ್ಟನೆ ಉತ್ತರ ಹೊಳೆಯಲಿಲ್ಲ. ಈ ಮದ್ದು ಸೋಮಾರಿಗಳದಲ್ಲ. ದಣಿವನ್ನು ಬೇಗ ಆರಿಸಿ ಇನ್ನಷ್ಟು ದುಡಿಸುವಂಥದು. ಆದರೆ ದಣಿವೆಂಬುದು ದೇಹ ಆಡುವ ಮಾತು. ‘ಇವತ್ತಿಗೆ ಸಾಕು’ ಎನ್ನುವ ಆ ಮಾತನ್ನು ಅಡಗಿಸಿ ಪಡೆದ ಬಲ, ಮೈಯನ್ನು ಕೇಳದೆ ಮೈಯ ಹೆಸರಿನಲ್ಲಿ ತಂದ ಸಾಲ. ಸಾಲದಲ್ಲೂ ಮನೆ ಏಳುತ್ತದೆ. ಗೃಹಪ್ರವೇಶಕ್ಕೆ ಬಂದವರು ಹೊಗಳಿಯೂ ಹೋಗುತ್ತಾರೆ. ತೀರಿಸುವವನು ಮಾತ್ರ ಒಬ್ಬನೇ.

ಹಾಗಾದರೆ ತಪ್ಪು ಅವನೊಬ್ಬನದೇ? ಪೂರ್ವ ಜರ್ಮನಿಯಲ್ಲಿ 1974ರಲ್ಲಿ ಸರ್ಕಾರವೇ ಗುಟ್ಟಾಗಿ ಯೋಜನೆ ಹಾಕಿ, ಹದಿಹರೆಯದ ಹುಡುಗಿಯರಿಗೂ ವಿಟಮಿನ್ ಎಂದು ಹೇಳಿ ಇಂಥ ನೀಲಿ ಗುಳಿಗೆಗಳನ್ನು ನುಂಗಿಸಿತು. ಅಲ್ಲಿಯ ಕ್ರೀಡಾ ಮುಖ್ಯಸ್ಥನಾಗಿದ್ದ ಮಾನ್ಫ್ರೆಡ್ ಎವಾಲ್ಡ್ ತಪ್ಪಿತಸ್ಥನೆಂದು ಬರ್ಲಿನ್ನಿನ ನ್ಯಾಯಾಲಯ ತೀರ್ಪಿತ್ತದ್ದು 2000ದಲ್ಲಿ. ಆ ಮಕ್ಕಳಿಗೆ ತಿಳಿದಿರಲಿಲ್ಲ. ನಮ್ಮ ಹುಡುಗನಿಗೆ ತಿಳಿದಿತ್ತು. ಈ ಅಂತರ ದೊಡ್ಡದು. ಆದರೆ ಅಲ್ಲಿ ಪದಕ ಎಣಿಸುತ್ತ ಕುಳಿತವರಿಗೂ ಇಲ್ಲಿ ತೋಳು ನೋಡಿ ಕೊಂಡಾಡಿದ ನನಗೂ ಅಂತರ ಅಷ್ಟು ದೊಡ್ಡದಲ್ಲ. ಹೇಗೆ ಬೆಳೆಯಿತೆಂದು ಕೇಳದೆ, ಬೆಳೆದದ್ದನ್ನಷ್ಟೇ ನಾವು ಹೊಗಳಿದೆವು.

“ಬೆವರು ನಿನ್ನದೇ ಕಣಪ್ಪ” ಎಂದೆ. ಅವನು ಗೋಡೆಯ ಕಡೆ ಹೊರಳಿದ. ‘ತಪಸ್ಸು’ ಎಂಬ ಮಾತು ಮಾತ್ರ ನನ್ನದು. ಅದನ್ನು ಹಿಂದಕ್ಕೆ ಪಡೆಯುವ ಬಗೆ ನನಗಿನ್ನೂ ತಿಳಿದಿಲ್ಲ.